ಮಹಾರಾಣಿ ಲಕ್ಷ್ಮಮ್ಮಣ್ಣಿ ಮತ್ತು ಸಿಡುಬಿನ ದಾಕು: ಭಯದಿಂದ ಸಮ್ಮತಿಯೆಡೆಗೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನವು ಮುಖಾಮುಖಿಯಾದ ಹೊಸ ತಂತ್ರಜ್ಞಾನಗಳಲ್ಲಿ ಸಿಡುಬಿನ ದಾಕು ಮುಖ್ಯವಾದುದು. ಅದು ಮನುಷ್ಯನ ಮೈಯನ್ನೇ ಪ್ರವೇಶಿಸುವಂಥದಾದ್ದರಿಂದ ಅದರ ಬಗೆಗಿನ ಭಯವೂ ಆಳವಾಗಿತ್ತು. ಆ ಭಯವನ್ನು ಅರಮನೆಯ ಒಳಗಿನಿಂದಲೇ ಎದುರಿಸಿದವರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು.

ಇವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1766ರಲ್ಲಿ ಒಡೆಯರು ತೀರಿಕೊಂಡಾಗ ಆಡಳಿತ ಹೈದರಾಲಿಯ ಕೈಯಲ್ಲಿತ್ತು. ರಾಜಮನೆತನದ ಪುನಃಸ್ಥಾಪನೆಗಾಗಿ ಲಕ್ಷ್ಮಮ್ಮಣ್ಣಿಯವರು ತಿರುಮಲರಾಯ, ನಾರಾಯಣರಾಯ ಸೋದರರ ಮೂಲಕ ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಸಂಧಾನ ನಡೆಸಿದರು. 1782ರಲ್ಲಿ ಒಪ್ಪಂದವೂ ಆಯಿತು. 1799ರಲ್ಲಿ ಟಿಪ್ಪುವಿನ ಪತನಾನಂತರ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಅರಮನೆಯ ಹಿರಿಯರಾಗಿ ಲಕ್ಷ್ಮಮ್ಮಣ್ಣಿಯವರ ಮಾತಿಗೆ ತೂಕವಿತ್ತು.

ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಗೋಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಯನ್ನು ತಲುಪಿತು. ಅದಕ್ಕೆ ಎದುರಾದ ಭಯವನ್ನು ಕೇವಲ ಅಜ್ಞಾನವೆಂದು ಕರೆಯುವುದು ಸರಿಯಲ್ಲ. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳೂ ಸೇರಿದಂತೆ ಕನ್ನಡನಾಡಿನ ಹಳ್ಳಿಗಳಲ್ಲಿ ಸಿಡುಬೆಂದರೆ ರೋಗವಲ್ಲ, ‘ಅಮ್ಮ’ನ ಆಗಮನ. ಬೇವಿನ ಸೊಪ್ಪು, ತಂಪಿನ ಆಹಾರ, ಮಾರಿಯ ಪೂಜೆ ಇವುಗಳಿಂದ ಅವಳನ್ನು ಶಾಂತಗೊಳಿಸಿ ಕಳುಹಿಸಬೇಕು; ಸೂಜಿಯಿಂದ ತಡೆಯುವುದು ಅವಳನ್ನು ಕೆಣಕಿದಂತೆ. ಇದರ ಜೊತೆಗೆ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ದಾಟಿಸುವ ಅಂದಿನ ವಿಧಾನವು ಜಾತಿಯ ಮಡಿಮೈಲಿಗೆಯನ್ನು ಕಲಕುತ್ತಿತ್ತು. ದಾಕು ತಂದವರು ಪರದೇಶದ ಕಂಪನಿಯವರೆಂಬ ಅನುಮಾನವೂ ಸೇರಿಕೊಂಡಿತ್ತು.

ಈ ಹಿನ್ನೆಲೆಯಲ್ಲಿ ಅರಮನೆಯ ನಿಲುವು ಗಮನಾರ್ಹ. ಮುಮ್ಮಡಿಯವರ ಎಳೆಯ ರಾಣಿ ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡರು. ಅದರಿಂದ ಪ್ರಜೆಗಳೂ ಮುಂದೆ ಬಂದರೆಂಬುದಕ್ಕೆ 1806ರ ದಾಖಲೆಯಿದೆ. ಥಾಮಸ್ ಹಿಕಿ 1805ರಲ್ಲಿ ಚಿತ್ರಿಸಿದ ಮೂವರು ಸ್ತ್ರೀಯರ ವರ್ಣಚಿತ್ರದಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಾಳೆ. ಆಕೆ ದೇವಾಜಮ್ಮಣ್ಣಿ, ನಡುವೆ ನಿಂತವರು ಲಕ್ಷ್ಮಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಲಕ್ಷ್ಮಮ್ಮಣ್ಣಿಯವರ ಪತಿ ಸಿಡುಬಿಗೆ ಬಲಿಯಾಗಿದ್ದರೆಂಬುದು ಅವರ ನಿರೂಪಣೆ. ಹಾಗಿದ್ದಲ್ಲಿ ಈ ಸಮ್ಮತಿಯ ಹಿಂದೆ ಕಂಪನಿಯೊಡನೆಯ ಮೈತ್ರಿಯಷ್ಟೇ ಅಲ್ಲದೆ ವೈಧವ್ಯದ ಅನುಭವವೂ ಇತ್ತೆನ್ನಬೇಕು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾದರು. ಭಯ ಅಲ್ಲಿಗೇ ಅಳಿಯಲಿಲ್ಲ. ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಣೆಯಾದದ್ದು 1980ರಲ್ಲಿ. ಆದರೂ ಹೊಸ ವಿದ್ಯೆಯನ್ನು ಪ್ರಜೆಗಳ ಮೇಲೆ ಹೇರುವ ಮೊದಲು ತಮ್ಮ ಮನೆಯ ಸೊಸೆಯ ತೋಳಿನ ಮೇಲೆ ಒಪ್ಪಿಕೊಂಡ ಕ್ರಮದಲ್ಲಿ ನಂಬಿಕೆ ಹುಟ್ಟುವ ಬಗೆ ಕಾಣುತ್ತದೆ. ಆಜ್ಞೆ ಮಾಡಲಾಗದ್ದನ್ನು ನಿದರ್ಶನ ಮಾಡಿತು. ಮಾರಿಯ ಗುಡಿಗಳು ಉಳಿದವು, ದಾಕೂ ಉಳಿಯಿತು. ಒಂದನ್ನು ಅಳಿಸದೆ ಇನ್ನೊಂದಕ್ಕೆ ಎಡೆಮಾಡಿಕೊಟ್ಟ ಈ ಅನುಸಂಧಾನವೇ ಕನ್ನಡ ಸಂಸ್ಕೃತಿ ಅಧ್ಯಯನಕ್ಕೆ ಲಕ್ಷ್ಮಮ್ಮಣ್ಣಿಯವರ ಬದುಕು ಒದಗಿಸುವ ಮುಖ್ಯ ಒಳನೋಟ.