ತಿರುಗಿಸಿಟ್ಟ ಹೊಲಿಗೆ ಯಂತ್ರ: ಮಾರ್ಗರೆಟ್ ಸ್ಟೈಫ್ ಅವರ ಜೀವನ

ಬೋಧನಾಭ್ಯಾಸದ ಎರಡನೇ ವಾರ ನನಗೆ ಏಳನೇ ತರಗತಿಯ ಉಣ್ಣೆಯ ಪಾಠ ಬಂತು. ಬೋಧನೋಪಕರಣವಾಗಿ ಉಲ್ಲನ್ ದಾರದಲ್ಲಿ ಒಂದು ಪುಟ್ಟ ನಾಯಿಯನ್ನು ಹೆಣೆದುಕೊಂಡು ಹೋಗೋಣ ಎಂದುಕೊಂಡೆ. ಬಿ.ಎಸ್ಸಿ. ಬಿ.ಎಡ್. ಸೇರುವ ಮೊದಲು ಎರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ ಕೂತವಳು ನಾನು. ಒಂದು ಬೊಂಬೆ ಯಾವ ಲೆಕ್ಕ ಎಂಬ ಧೈರ್ಯ. ಆದರೆ ಹೆಣಿಗೆ ಎಂದರೆ ಕುಣಿಕೆಯೊಳಗೆ ಕುಣಿಕೆ. ಹತ್ತಿ ತುಂಬಿದಷ್ಟೂ ಹಿಗ್ಗಿತು. ನಾಯಿಯ ಹೊಟ್ಟೆ ಕುಂಬಳಕಾಯಿಯಾಯಿತು, ಸಂದಿಗಳಿಂದ ಹತ್ತಿ ಇಣುಕಿತು, ನಾಲ್ಕು ಕಾಲೂ ಮಡಚಿಕೊಂಡು ಅದು ಮಲಗಿಬಿಟ್ಟಿತು. ಕತ್ತರಿ ಹಾಕಿ ಸರಿಮಾಡಲು ಹೋದರೆ ಸಾಲು ಸಾಲೇ ಬಿಚ್ಚಿಕೊಂಡಿತು.

ಅದೇ ಉಣ್ಣೆಯನ್ನು ನೇಯದೆ, ಹೆಣೆಯದೆ, ಬಿಸಿ ಹಬೆ ಕೊಟ್ಟು ತಿಕ್ಕಿ ಒತ್ತಿದರೆ ಸಿಗುವುದು ಫೆಲ್ಟ್ ಬಟ್ಟೆ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಲ್ಲಿರುವಂಥ ಸಣ್ಣ ಹುರುಪೆಗಳಿವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತವೆ. ಎಲ್ಲಿ ಕತ್ತರಿಸಿದರೂ ಅಂಚು ಎಳೆ ಬಿಡುವುದಿಲ್ಲ, ತುಂಬಿದರೆ ಆಕಾರ ಕೆಡುವುದಿಲ್ಲ. ಈ ಗುಣವನ್ನು ಬಳಸಿಕೊಂಡು ಮೆತ್ತನೆಯ ಪ್ರಾಣಿಬೊಂಬೆಗಳನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರು ಜರ್ಮನಿಯ ಮಾರ್ಗರೆಟ್ ಸ್ಟೈಫ್. ಪಾಠ ಯೋಜನೆಯ ಕೊನೆಯ ಹತ್ತು ನಿಮಿಷವನ್ನು ಅವರ ಕಥೆಗೆ ಇಟ್ಟುಕೊಂಡಿದ್ದೆ.

ಆ ಹತ್ತು ನಿಮಿಷದಲ್ಲೇ ನಾನು ಎಡವಿದ್ದು. ಮಾರ್ಗರೆಟ್ ಅವರಿಗೆ ಪೋಲಿಯೊ ಬಂದದ್ದು, ಕಾಲುಗಳು ಹೋದದ್ದು, ಬಲಗೈ ಸೋತದ್ದು, ಇವುಗಳಿಂದಲೇ ಕಥೆ ಶುರುಮಾಡಿದೆ, ದನಿಯನ್ನೂ ಸ್ವಲ್ಪ ತಗ್ಗಿಸಿ. ಬಲಗೈ ಎಂಬ ಮಾತು ಬಂದದ್ದೇ ತಡ, ಇಡೀ ತರಗತಿ ಮೂರನೇ ಬೆಂಚಿನ ಹುಡುಗಿಯ ಕಡೆ ತಿರುಗಿತು. ಹುಟ್ಟಿನಿಂದಲೇ ಅವಳ ಬಲಗೈಗೆ ಶಕ್ತಿ ಕಡಿಮೆ. ಅವಳು ಆ ಕೈಯನ್ನು ಮೆಲ್ಲಗೆ ಡೆಸ್ಕಿನ ಕೆಳಗೆ ಇಳಿಸಿಕೊಂಡಳು. ಹಿಂದೆ ಕೂತಿದ್ದ ನಮ್ಮ ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ ಕಥನ ಪರಿಣಾಮಕಾರಿಯಾಗಿತ್ತು ಎಂದು ಬರೆದರು. ಆ ಸಾಲನ್ನು ಓದಿ ನನಗೆ ಸಂತೋಷವಾಗಲಿಲ್ಲ.

ಮರುದಿನ ಪುನರಾವರ್ತನೆಯ ಅವಧಿಯಲ್ಲಿ ಅದೇ ಕಥೆಯನ್ನು ಬೇರೆ ಕಡೆಯಿಂದ ಹೇಳಿದೆ. ಹೇಳಿದ್ದು ಹೀಗೆ.

ಜರ್ಮನಿಯ ದಕ್ಷಿಣ ಭಾಗದಲ್ಲಿ ಬ್ರೆಂಟ್ಸ್ ನದಿಯ ದಡದ ಮೇಲೆ ಗೀಂಗನ್ ಎಂಬ ಪುಟ್ಟ ಊರು. ಆ ಊರಿನ ಸ್ಟೈಫ್ ಸೋದರಿಯರ ಮನೆಗೆ ಒಂದು ಹೊಲಿಗೆ ಯಂತ್ರ ಬಂತು. ಊರಿಗೆ ಬಂದ ಮೊದಲ ಹೊಲಿಗೆ ಯಂತ್ರ ಅದೇ ಎನ್ನುತ್ತಾರೆ. ಮಾರ್ಗರೆಟ್ ಜಿತರ್ ಎಂಬ ತಂತಿವಾದ್ಯವನ್ನು ಊರಿನವರಿಗೆ ಕಲಿಸಿ ದುಡಿದ ಹಣವೂ ಅದಕ್ಕೆ ಸೇರಿತ್ತು. ಹೊಲಿಗೆ ಯಂತ್ರದ ಚಕ್ರ ಸಾಮಾನ್ಯವಾಗಿ ಬಲಕ್ಕಿರುತ್ತದೆ. ಅವರಿಗೆ ಗಟ್ಟಿಯಾಗಿದ್ದದ್ದು ಎಡಗೈ. ಅವರು ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿಟ್ಟರು. ಚಕ್ರ ಎಡಗೈಯ ಹತ್ತಿರ ಬಂತು. ಕೆಲಸ ಶುರುವಾಯಿತು.

ಇಷ್ಟಾದ ಮೇಲೆ ಹಿಂದಿನದನ್ನು ಹೇಳಿದೆ. ಅವರು ಹುಟ್ಟಿದ್ದು 1847ರ ಜುಲೈ 24ರಂದು. ತಂದೆ ಕಟ್ಟಡ ಕಟ್ಟಿಸುವ ಮೇಸ್ತ್ರಿ. ಒಂದೂವರೆ ವರ್ಷದ ಮಗುವಾಗಿದ್ದಾಗ ಜ್ವರ ಬಂದು ಕಾಲುಗಳು ನಿಂತವು, ಬಲಗೈ ಎತ್ತಲು ಕಷ್ಟವಾಯಿತು. ಆ ಕಾಯಿಲೆ ಹೇಗೆ ಹರಡುತ್ತದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಪೋಲಿಯೊಗೆ ಕಾರಣ ಒಂದು ವೈರಸ್ ಎಂದು ವಿಯೆನ್ನಾದಲ್ಲಿ ಗೊತ್ತಾದದ್ದು 1908ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ. (ಎರಡು ಹನಿ ಲಸಿಕೆ ಹಾಕಿಸಿಕೊಂಡು ಬೆಳೆದ ನಮ್ಮ ಪೀಳಿಗೆಗೆ ಆ ಭಯ ಅರ್ಥವಾಗುವುದು ಕಷ್ಟ.) ಒಂಬತ್ತರ ವಯಸ್ಸಿಗೆ ಮನೆಯವರು ದೂರದ ಊರಿಗೆ ಚಿಕಿತ್ಸೆಗೆ ಕಳಿಸಿದರು, ಬಿಸಿನೀರಿನ ಬುಗ್ಗೆಯ ಊರಿಗೂ ಕಳಿಸಿದರು. ಕಾಲು ಬರಲಿಲ್ಲ. ಮಾರ್ಗರೆಟ್ ಆ ಹುಡುಕಾಟವನ್ನು ಅಲ್ಲಿಗೇ ಬಿಟ್ಟರು. ಶಾಲೆಗೆ ಮಾತ್ರ ಬಿಡಲಿಲ್ಲ. ಒಡಹುಟ್ಟಿದವರು, ಓಣಿಯ ಮಕ್ಕಳು ಕೈಗಾಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುತ್ತಿದ್ದರು. ಶಾಲೆ ಮುಗಿದ ಮೇಲೆ ಹೊಲಿಗೆ ಶಾಲೆ. ಬಲಗೈ ಸಹಕರಿಸದೆ ಮೊದಮೊದಲು ಒದ್ದಾಟವೇ. ಆದರೂ ಹದಿನೇಳರ ವಯಸ್ಸಿಗೆ ಹೊಲಿಗೆಯ ತರಬೇತಿ ಮುಗಿಸಿದ್ದರು.

ಗೀಂಗನ್ನಿನಲ್ಲೇ ಫೆಲ್ಟ್ ಕಾರ್ಖಾನೆ ಇತ್ತು. 1877ರಲ್ಲಿ ಮಾರ್ಗರೆಟ್ ಫೆಲ್ಟ್ ಉಡುಪುಗಳ ಅಂಗಡಿ ತೆರೆದರು. ಹೆಂಗಸರ ಒಳಲಂಗ, ಮಕ್ಕಳ ಕೋಟು ಹೊಲಿದು ಮಾರುತ್ತಿದ್ದರು. ಬೊಂಬೆಯ ಯೋಚನೆಯೇ ಇರಲಿಲ್ಲ. 1879ರ ಡಿಸೆಂಬರಿನಲ್ಲಿ ಒಂದು ಫ್ಯಾಷನ್ ಪತ್ರಿಕೆಯಲ್ಲಿ ಬಟ್ಟೆ ಆನೆಯ ಅಚ್ಚು ಕಣ್ಣಿಗೆ ಬಿತ್ತು. ಫೆಲ್ಟ್ ಕತ್ತರಿಸಿ, ಕುರಿಯ ಉಣ್ಣೆ ತುಂಬಿ ಅದನ್ನು ಹೊಲಿದರು. ಹೊಲಿದದ್ದು ಗುಂಡುಸೂಜಿ ಚುಚ್ಚಿಡುವ ದಿಂಬಾಗಿ. ಪರಿಚಯದವರಿಗೆ ಉಡುಗೊರೆ ಕೊಡಲು. ಮನೆಗಳಲ್ಲಿ ಮಕ್ಕಳು ದಿಂಬನ್ನು ಎತ್ತಿಕೊಂಡು ಹೋಗಿ ಆಡತೊಡಗಿದರು. ಆಗಿನ ಬೊಂಬೆಗಳು ಹೆಚ್ಚಾಗಿ ಮರ, ತಗಡು, ಪಿಂಗಾಣಿಯವು. ಅಪ್ಪಿಕೊಂಡು ಮಲಗಬಹುದಾದ ಬೊಂಬೆ ಮಕ್ಕಳಿಗೆ ಹೊಸದು. ಅದು ಆಟಿಕೆ ಎಂದು ತೀರ್ಮಾನಿಸಿದವರು ಮಕ್ಕಳೇ. ಮಾರ್ಗರೆಟ್ ಅದನ್ನು ಗಮನಿಸಿದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಯಂತ್ರ ತಿರುಗಿಸಿದ್ದರಷ್ಟೇ ದೊಡ್ಡ ಘಟನೆ ಇದು.

ತಮ್ಮ ಫ್ರಿಟ್ಸ್ ಆನೆಗಳನ್ನು ಪಕ್ಕದೂರಿನ ಸಂತೆಗೆ ಒಯ್ದು ಮಾರಿ ಬಂದ. 1886ರ ಹೊತ್ತಿಗೆ 5,000ಕ್ಕೂ ಹೆಚ್ಚು ಆನೆಗಳು ಹೋಗಿದ್ದವು. ಆನೆಯ ಹಿಂದೆಯೇ ನಾಯಿ, ಬೆಕ್ಕು, ಕತ್ತೆ, ಕುದುರೆ, ಹಂದಿ, ಒಂಟೆ ಬಂದವು. ಫ್ರಿಟ್ಸ್‌ನ ಮಕ್ಕಳು ಒಬ್ಬೊಬ್ಬರಾಗಿ ಅತ್ತೆಯ ಕೆಲಸಕ್ಕೆ ಸೇರಿದರು. ಮೃಗಾಲಯದಲ್ಲಿ ಕೂತು ಕರಡಿಗಳ ಚಿತ್ರ ಬರೆಯುತ್ತಿದ್ದ ರಿಚರ್ಡ್ 1902ರಲ್ಲಿ ಕೈಕಾಲು ಆಡಿಸಬಹುದಾದ, 55 ಸೆಂಟಿಮೀಟರಿನ ಕರಡಿಯನ್ನು ರೂಪಿಸಿದ. ಮುಂದಿನ ವರ್ಷ ಲೈಪ್‌ಜಿಗ್ ಜಾತ್ರೆಯಲ್ಲಿ ಅಮೆರಿಕದ ವ್ಯಾಪಾರಿಯೊಬ್ಬ 3,000 ಕರಡಿಗಳಿಗೆ ಬೇಡಿಕೆ ಇಟ್ಟ. ಅಧ್ಯಕ್ಷ ರೂಸ್‌ವೆಲ್ಟ್ ಅವರ ಅಡ್ಡಹೆಸರು ಸೇರಿ ಅಮೆರಿಕದಲ್ಲಿ ಬೊಂಬೆ ಕರಡಿಗಳಿಗೆ ಟೆಡ್ಡಿ ಎಂಬ ಹೆಸರು ಅಂಟಿಕೊಂಡಿತು. ನಕಲುಗಳ ಕಾಟ ಹೆಚ್ಚಾದಾಗ, 1904ರಿಂದ ಪ್ರತಿ ಬೊಂಬೆಯ ಕಿವಿಗೆ ಲೋಹದ ಗುಂಡಿ ಬಂತು. 1907ರಲ್ಲಿ ಆ ಕಾರ್ಖಾನೆ ತಯಾರಿಸಿದ ಕರಡಿಗಳು 9,74,000. ಕಾರ್ಖಾನೆಯೊಳಗೆ 400 ಮಂದಿ, ಮನೆಗಳಲ್ಲಿ ಕೂತು ಹೊಲಿಯುವವರು 1,800. ಮಾರ್ಗರೆಟ್ ಮದುವೆಯಾಗಲಿಲ್ಲ. 1909ರ ಮೇ 9ರಂದು ನ್ಯುಮೋನಿಯಾದಿಂದ ತೀರಿಕೊಂಡಾಗ 61 ವರ್ಷ.

ಈ ಸಲ ಯಾರೂ ಯಾರ ಕಡೆಯೂ ತಿರುಗಲಿಲ್ಲ. ಗಂಟೆ ಹೊಡೆದ ಮೇಲೆ ಆ ಹುಡುಗಿ ಬಾಗಿಲ ಹತ್ತಿರ ಕಾದಿದ್ದಳು. ಎಡಗೈ ಚಕ್ರ ತಿರುಗಿಸುತ್ತಿದ್ದರೆ ಬಟ್ಟೆ ಹಿಡಿದದ್ದು ಯಾವ ಕೈ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ವರ್ಷ ಮೆಷಿನ್ ತುಳಿದವಳಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಅತ್ತೆಯದೊಂದು ಹಳೆಯ ಕೈಮೆಷಿನ್ ಇದೆ. ಅದರ ಬೆನ್ನನ್ನು ನನ್ನ ಕಡೆ ಮಾಡಿ ಕೂತೆ. ಸೂಜಿ ದಾಟಿದ ಬಟ್ಟೆ ದೂರ ಹೋಗುವ ಬದಲು ನನ್ನ ಕಡೆಗೇ ಬಂತು. ಮೊದಲ ಗೆರೆ ಹಾವಿನಂತೆ ಹರಿಯಿತು. ನಾಲ್ಕನೇ ಸಲಕ್ಕೆ ತಿಳಿಯಿತು: ಬಟ್ಟೆಯನ್ನು ಎಳೆಯುವುದು ಕೈಯಲ್ಲ, ಸೂಜಿಯ ಕೆಳಗಿನ ಹಲ್ಲು. ಗಾರ್ಮೆಂಟ್ಸ್‌ನಲ್ಲಿ ಅದನ್ನು ಫೀಡ್ ಡಾಗ್ ಎನ್ನುತ್ತಿದ್ದೆವು. ಅಲ್ಲೂ ಒಂದು ನಾಯಿ! ಬಲಗೈ ಬಟ್ಟೆಯ ಮೇಲೆ ಸುಮ್ಮನೆ ಮಲಗಿ ದಾರಿ ತೋರಿಸಿದರೆ ಸಾಕು, ಬಲ ಬೇಕಿಲ್ಲ. ಮಾರ್ಗರೆಟ್ ಮಾಡಿದ್ದೂ ಹೀಗೆಯೇ ಎಂದು ನಾನು ಹೇಳಲಾರೆ. ಹೀಗೆ ಮಾಡಬಹುದು ಎಂದಷ್ಟೇ ಗೊತ್ತಾಯಿತು.

ಶನಿವಾರ ಮೆಷಿನ್ನನ್ನು ಬಸ್ಸಿನಲ್ಲಿ ಹೊತ್ತು ಶಾಲೆಗೆ ಒಯ್ದೆ. ಕಾರ್ಯಾನುಭವದ ಅವಧಿಯಲ್ಲಿ ಮಕ್ಕಳು ಸರದಿಯ ಮೇಲೆ ಹೊಲಿದರು. ಕೆಲವರು ಮುಂದಿನಿಂದ, ಕೆಲವರು ಹಿಂದಿನಿಂದ, ಬಲಗೈ ಚೆನ್ನಾಗಿರುವವರೂ ಎಡಗೈಯಲ್ಲಿ ಹೊಲಿದು ನೋಡಿದರು. ಅವಳು ಕಂದು ಫೆಲ್ಟಿನಲ್ಲಿ ನಾಯಿಯ ಎರಡು ಮಗ್ಗುಲನ್ನು ಸೇರಿಸಿ ಪೂರ್ತಿ ಸುತ್ತು ಹೊಲಿದಳು. ಹತ್ತಿ ತುಂಬಲು ಬಾಯಿ ಬಿಡಬೇಕೆಂದು ಹೇಳಲು ನಾನೇ ಮರೆತಿದ್ದೆ. ಇಬ್ಬರೂ ಕೂತು ಹೊಟ್ಟೆಯ ಹತ್ತಿರ ಒಂದು ಅಂಗುಲ ಬಿಚ್ಚಿದೆವು. ತುಂಬಿದ ಮೇಲೆ ನಾಯಿಯ ಒಂದು ಕಿವಿ ಕೆಳಗಾಗಿತ್ತು. ಮೇಜಿನ ಮೇಲೆ ಇಟ್ಟರೆ ನಿಂತಿತು.