ಗ್ರಂಥಪಾಲಕರನ್ನು ರೂಪಿಸಿದ ರಂಗನಾಥನ್

ಸೇವೆಯಲ್ಲಿದ್ದಾಗ ಹಾಸನದ ಪಕ್ಕದ ಬೂವನಹಳ್ಳಿಯ ಕಡೆ ಪಂಚಾಯಿತಿಗಳ ಪರಿಶೀಲನೆಗೆ ಹೋಗುತ್ತಿದ್ದೆ. ಗ್ರಂಥಾಲಯಗಳ ಕಪಾಟು, ಕುರ್ಚಿ, ಪುಸ್ತಕಗಳನ್ನು ಎಣಿಸಿ ಸಹಿ ಹಾಕಿದ್ದುಂಟು. ಅಲ್ಲಿ ಕುಳಿತವರಿಗೆ ಮಕ್ಕಳನ್ನೂ ಅವರ ತಾಯಂದಿರನ್ನೂ ಓದಿನತ್ತ ಸೆಳೆಯುವ ಬಗೆಯನ್ನು ಯಾರಾದರೂ ಕಲಿಸಿದ್ದಾರೆಯೇ ಎಂದು ಒಮ್ಮೆಯೂ ಕೇಳಲಿಲ್ಲ. ನಿವೃತ್ತಿಯ ನಂತರ ಎಸ್.ಆರ್. ರಂಗನಾಥನ್ ಅವರ ಜೀವನವನ್ನು ಓದುವಾಗ ಆ ಲೋಪ ಚುಚ್ಚಿತು.

1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ವಿದ್ಯೆಯ ಗಂಧವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಬೇಸತ್ತು, ಪ್ರೆಸಿಡೆನ್ಸಿ ಕಾಲೇಜಿಗೆ ಮರಳಲು ಅಂಗಲಾಚಿದರು. ಲಂಡನ್ನಿನಲ್ಲಿ ತರಬೇತಿ ಪಡೆದು ಬಂದ ಮೇಲೂ ಮನಸ್ಸು ಒಪ್ಪದಿದ್ದರೆ ಹಿಂದಿರುಗಬಹುದೆಂದು ನಿಶ್ಚಯವಾಯಿತು. ಅಲ್ಲಿ ಗುರುವಾಗಿ ದೊರೆತವರು ಕ್ರಾಯ್ಡನ್ ಗ್ರಂಥಾಲಯದ ಬರ್ವಿಕ್ ಸೇಯರ್ಸ್. ಮಕ್ಕಳ ಗ್ರಂಥಾಲಯವನ್ನು ಕುರಿತೇ ಪುಸ್ತಕ ಬರೆದವರು. ಶ್ರಮಿಕರು, ಹೆಂಗಸರು, ಮಕ್ಕಳು ಒಂದೇ ಸೂರಿನಡಿ ಓದುವ ದೃಶ್ಯ ಶಿಷ್ಯನನ್ನು ಬದಲಿಸಿತು. ಆಟಿಕೆ ಮೆಕ್ಯಾನೋ ಕಂಡು ಅವರಿಗೆ ಕೋಲನ್ ವರ್ಗೀಕರಣ ಹೊಳೆದದ್ದು ಪ್ರಸಿದ್ಧ ಕಥೆ. ನನಗೆ ಅದಕ್ಕಿಂತ ಕ್ರಾಯ್ಡನ್ ದೊಡ್ಡದು.

1925ರಲ್ಲಿ ಮರಳಿದವರು ಮತ್ತೆ ಗಣಿತದ ಮಾತೆತ್ತಲಿಲ್ಲ. 1928ರಲ್ಲಿ ಮದ್ರಾಸು ಗ್ರಂಥಾಲಯ ಸಂಘ ಹುಟ್ಟಿತು. ಮರುವರ್ಷವೇ ಗ್ರಂಥಪಾಲಕರ ತರಬೇತಿ ಶಾಲೆ. ಕಟ್ಟಡಕ್ಕಿಂತ ಮೊದಲು ಆಳನ್ನು ಸಿದ್ಧಪಡಿಸಿದ ಈ ಕ್ರಮವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಮೆಚ್ಚುತ್ತೇನೆ. 1931ರ ಪಂಚಸೂತ್ರಗಳಲ್ಲಿ ಮೊದಲನೆಯದು ಪುಸ್ತಕದ ಬಳಕೆಯನ್ನು ಕುರಿತದ್ದು. ಅದರ ವಿವರಣೆಯಲ್ಲಿ ಸ್ಥಳ, ವೇಳೆ, ಪೀಠೋಪಕರಣಗಳ ಜೊತೆಗೆ ಸಿಬ್ಬಂದಿಯ ವಿಚಾರವನ್ನೂ ಅವರು ವಿಸ್ತಾರವಾಗಿ ಚರ್ಚಿಸಿದರು. ಅದೇ ವರ್ಷ ಮನ್ನಾರ್ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು.

ಬನಾರಸ್, ದೆಹಲಿ, ಜ್ಯೂರಿಚ್‌ಗಳನ್ನು ದಾಟಿ ಕಡೆಗೆ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನ ಪೀಠಕ್ಕಾಗಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟವರು, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಚಿಂತನೆಯಿದೆ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ನಿಧನರಾದರು.

ಆ ಕಾಯ್ದೆಯ ಉಪಕರವನ್ನು ನಾವು ತಪ್ಪದೆ ಲೆಕ್ಕವಿಟ್ಟೆವು. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಿತು. ಮಗು ಮನೆಗೊಯ್ದ ಪುಸ್ತಕವನ್ನು ಅಕ್ಷರ ಬಾರದ ತಾಯಿಯ ಮುಂದೆ ಓದಬೇಕಾದರೆ, ಅದನ್ನು ಹೇಳಿಕೊಟ್ಟು ಕಳಿಸುವ ಮೇಲ್ವಿಚಾರಕರು ಬೇಕು. ಅವರ ತರಬೇತಿಯಲ್ಲಿ ಈ ಪಾಠಕ್ಕೆ ಎಷ್ಟು ಗಂಟೆ ಮೀಸಲಿದೆ ಎಂದು ಪರಿಚಯದ ಪಂಚಾಯಿತಿಗಳಲ್ಲಿ ಈಗ ವಿಚಾರಿಸುತ್ತಿದ್ದೇನೆ.