ಹೆಣ್ಣುಮಕ್ಕಳ ವಿದ್ಯೆಗಾಗಿ ಸೆರೆ ಸೇರಿದ ವಂದನೀಯ ಮೇರಿ ವಾರ್ಡ್



ಮದರ್ ತೆರೇಸಾ ನೀಲಿ ಅಂಚಿನ ಸೀರೆ ಉಡುವ ಮೊದಲು ಕೋಲ್ಕತ್ತದಲ್ಲಿ ಲೊರೆಟೊ ಭಗಿನಿಯಾಗಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆ ಲೊರೆಟೊ ಸಭೆಗೆ ಮೂಲ ಪ್ರೇರಣೆಯಾದವರು ಮೇರಿ ವಾರ್ಡ್.

ಮೇರಿ 1585ರ ಜನವರಿ 23ರಂದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಜನಿಸಿದರು. ಆಗ ಅಲ್ಲಿ ಬಲಿಪೂಜೆ ಅರ್ಪಿಸುವುದೇ ಅಪರಾಧವಾಗಿತ್ತು. ಅವರ ಅಜ್ಜಿ ವಿಶ್ವಾಸಕ್ಕಾಗಿ ವರ್ಷಗಟ್ಟಲೆ ಸೆರೆಯಲ್ಲಿದ್ದವರು. 21ನೇ ವಯಸ್ಸಿನಲ್ಲಿ ಮೇರಿ ಸಮುದ್ರ ದಾಟಿ ಇಂದಿನ ಫ್ರಾನ್ಸಿನಲ್ಲಿರುವ ಸೇಂಟ್ ಓಮರ್ ಪಟ್ಟಣಕ್ಕೆ ಹೋಗಿ ಕನ್ಯಾಮಠ ಸೇರಿದರು. ಆದರೆ ದೇವರು ತನ್ನನ್ನು ಬೇರೆ ಕೆಲಸಕ್ಕೆ ಕರೆಯುತ್ತಿದ್ದಾರೆಂದು ಅವರಿಗೆ ಮನವರಿಕೆಯಾಯಿತು. ಕೆಲವು ಗೆಳತಿಯರನ್ನು ಕೂಡಿಕೊಂಡು ಅದೇ ಪಟ್ಟಣದಲ್ಲಿ ಬಾಲಕಿಯರ ಶಾಲೆ ತೆರೆದರು. ಆಗ ಅವರಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. ಬಡ ಹುಡುಗಿಯರಿಗೆ ಅಲ್ಲಿ ಶುಲ್ಕವಿರಲಿಲ್ಲ.

ಕನ್ಯಾಸ್ತ್ರೀಯರು ಮಠದ ಗೋಡೆಯೊಳಗೇ ಇರಬೇಕೆಂಬುದು ಆ ಕಾಲದ ನಿಯಮ. ಮೇರಿಯ ಭಗಿನಿಯರೋ ಯೇಸುಸಭೆಯ ಗುರುಗಳಂತೆ ಊರೂರಿಗೆ ಹೋಗಿ ಕಲಿಸುತ್ತಿದ್ದರು. ಎಷ್ಟಾದರೂ ಹೆಂಗಸರು, ಇವರ ಹುರುಪು ಬೇಗ ಆರುತ್ತದೆ ಎಂದು ಕೆಲವರು ಆಡಿಕೊಂಡರು. ದೈವಭಕ್ತಿಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಮುಂದೆ ಸ್ತ್ರೀಯರು ದೊಡ್ಡ ಕಾರ್ಯಗಳನ್ನು ಮಾಡುವರು ಎಂದು ಮೇರಿ ತಮ್ಮ ಸಂಗಾತಿಗಳಿಗೆ ಧೈರ್ಯ ಹೇಳಿದರು. ಜಗದ್ಗುರುಗಳ ಅನುಮತಿ ಕೇಳಲು 1621ರಲ್ಲಿ ಆಲ್ಪ್ಸ್ ಪರ್ವತ ದಾಟಿ, ಬಹುಪಾಲು ನಡೆದೇ, ಕ್ರಿಸ್ಮಸ್ ಮುನ್ನಾದಿನ ರೋಮ್ ತಲುಪಿದರು. ಮುಂದೆ ರೋಮ್, ನೇಪಲ್ಸ್, ಮ್ಯೂನಿಕ್, ವಿಯೆನ್ನಾ ನಗರಗಳಲ್ಲೂ ಅವರ ಶಾಲೆಗಳು ನಡೆದವು.

ಆದರೆ 1631ರಲ್ಲಿ ಎಂಟನೇ ಅರ್ಬನ್ ಜಗದ್ಗುರುಗಳು ಸಂಸ್ಥೆಯನ್ನೇ ರದ್ದುಗೊಳಿಸಿದರು. ಮೇರಿಯನ್ನು ಪಾಷಂಡಿ ಎಂದು ಮ್ಯೂನಿಕ್‌ನ ಒಂದು ಮಠದಲ್ಲಿ ಬಂಧಿಸಿಟ್ಟರು. ಅಲ್ಲಿಂದ ಅವರು ನಿಂಬೆರಸದಲ್ಲಿ ಗುಟ್ಟಾಗಿ ಪತ್ರ ಬರೆದು ಭಗಿನಿಯರನ್ನು ಸಂತೈಸಿದರು. ಕಾಗದವನ್ನು ಬೆಂಕಿಗೆ ಹಿಡಿದರೆ ಮಾತ್ರ ಅಕ್ಷರ ಕಾಣುತ್ತಿತ್ತು. ಕಾಯಿಲೆಯಿಂದ ಸಾವಿನಂಚಿಗೆ ಬಂದಾಗ, ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಮಾತ್ರ ಅಂತಿಮ ಸಂಸ್ಕಾರ ಎಂದರು. ಮೇರಿ ಸಹಿ ಹಾಕಲಿಲ್ಲ. ಮಾಡದ ತಪ್ಪನ್ನು ಒಪ್ಪಲಿಲ್ಲ, ಧರ್ಮಸಭೆಯನ್ನು ಬಿಡಲೂ ಇಲ್ಲ. ಬಿಡುಗಡೆಯಾದ ಮೇಲೆ ನೇರವಾಗಿ ಜಗದ್ಗುರುಗಳ ಬಳಿಗೇ ಹೋದರು. ಪಾಷಂಡಿ ಎಂಬ ಕಳಂಕ ಅಳಿಯಿತು. ಉಳಿದ ಕೆಲವೇ ಸಂಗಾತಿಗಳೊಡನೆ ಬಾಳಿ, 1645ರ ಜನವರಿ 30ರಂದು ಯಾರ್ಕ್ ಬಳಿ ಕಣ್ಮುಚ್ಚಿದರು.

ಅವರನ್ನು ಸಂಸ್ಥಾಪಕಿ ಎಂದು ಕರೆಯಲು ಭಗಿನಿಯರಿಗೆ ಅನುಮತಿ ಸಿಕ್ಕಿದ್ದು 1909ರಲ್ಲಿ. 2009ರಲ್ಲಿ ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು ಅವರನ್ನು ವಂದನೀಯರೆಂದು ಘೋಷಿಸಿದರು. ಲೊರೆಟೊ ಭಗಿನಿಯರು 1841ರಲ್ಲೇ ಕೋಲ್ಕತ್ತಕ್ಕೆ ಬಂದಿದ್ದರು.

ನಮ್ಮ ಮನೆಗಳಲ್ಲಿ ಎಷ್ಟೋ ಅಮ್ಮಂದಿರು, ಅಕ್ಕಂದಿರು ಅಕ್ಷರ ಕಲಿತದ್ದು ಸಿಸ್ಟರುಗಳ ಶಾಲೆಯಲ್ಲೇ. ಆ ಶಾಲೆ ಯಾವ ಸಭೆಯದಾದರೂ, ಕನ್ಯಾಸ್ತ್ರೀ ಹೊರಬಂದು ಕಲಿಸಬಹುದು ಎಂಬ ಹಾದಿಗಾಗಿ ಸೆರೆ ಕಂಡವರು ಮೇರಿ. ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಯಾವ ಹುಡುಗಿಯೂ ಹತ್ತನೇ ತರಗತಿಗೇ ಓದು ನಿಲ್ಲಿಸದಂತೆ ನೋಡಿಕೊಳ್ಳೋಣ. ಅದೇ ಅವರಿಗೆ ನಾವು ಸಲ್ಲಿಸುವ ಗೌರವ.